2,000 ಹಕ್ಕಿಗೂ 2,00,000 ಹಕ್ಕಿಗೂ ಒಂದೇ ಬೆಲೆ: ಈ ಅಂಕಿ ನಿಜಕ್ಕೂ ಏನನ್ನು ಅಳೆಯುತ್ತದೆ?

ಕುತೂಹಲಿ:
ಪರಿಸರ ಅರ್ಥಶಾಸ್ತ್ರವನ್ನು ಓದುತ್ತಿರುವ ನನಗೆ ಒಂದು ಹಳೆಯ ಅಧ್ಯಯನದ ಫಲಿತಾಂಶ ಎಷ್ಟು ಯೋಚಿಸಿದರೂ ಜೀರ್ಣವಾಗುತ್ತಿಲ್ಲ. ತೈಲ ತ್ಯಾಜ್ಯದ ಹೊಂಡಗಳಿಗೆ ಬಿದ್ದು ವಲಸೆ ಹಕ್ಕಿಗಳು ಸಾಯುತ್ತವೆ, ಹೊಂಡಗಳ ಮೇಲೆ ಬಲೆ ಹಾಸಿದರೆ ಅವು ಉಳಿಯುತ್ತವೆ, ಅದಕ್ಕಾಗಿ ನೀವು ಎಷ್ಟು ಹಣ ಕೊಡಲು ಸಿದ್ಧರಿದ್ದೀರಿ ಎಂದು ಅಮೆರಿಕದಲ್ಲಿ ಜನರನ್ನು ಕೇಳಿದರು. ಒಂದು ಗುಂಪಿಗೆ 2,000 ಹಕ್ಕಿಗಳು ಉಳಿಯುತ್ತವೆ ಎಂದು ಹೇಳಿದರು, ಇನ್ನೊಂದಕ್ಕೆ 20,000 ಎಂದರು, ಮೂರನೆಯದಕ್ಕೆ 2,00,000 ಎಂದರು. ಉತ್ತರಗಳ ಸರಾಸರಿ ಕ್ರಮವಾಗಿ 80, 78 ಮತ್ತು 88 ಡಾಲರ್ ಬಂತು.

ಹಕ್ಕಿಗಳ ಸಂಖ್ಯೆ ನೂರು ಪಟ್ಟು ಏರಿದರೂ ಬೆಲೆ ಕದಲುವುದಿಲ್ಲವೆಂದರೆ, ಆ 80 ಡಾಲರ್ ಹಕ್ಕಿಗಳ ಬೆಲೆಯಂತೂ ಆಗಿರಲಾರದು. ಇಂಥ ಸಮೀಕ್ಷೆಗಳನ್ನು ಆಧರಿಸಿ ನ್ಯಾಯಾಲಯಗಳಲ್ಲಿ ಪರಿಹಾರದ ಮೊತ್ತವನ್ನು ವಾದಿಸುತ್ತಾರೆ, ಅಣೆಕಟ್ಟು ಬೇಕೇ ಬೇಡವೇ ಎಂಬುದನ್ನು ತೂಗುತ್ತಾರೆ. ಅದು ಸರಿಯೇ? ಈ ವಿಷಯವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಹೇಳಿ.

ಲೆಕ್ಕಿಗ:
ನಿಮ್ಮ ಅನುಮಾನ ಸರಿಯಾಗಿದೆ, ಮತ್ತು ಅದಕ್ಕೆ 1992ರಲ್ಲೇ ಡೇನಿಯಲ್ ಕಾನೆಮನ್ ಮತ್ತು ಜ್ಯಾಕ್ ನೆಚ್ ಒಂದು ಉತ್ತರ ಕೊಟ್ಟಿದ್ದಾರೆ. ಅವರ ಪ್ರಕಾರ, ಉತ್ತರಿಸುವವನು ಹಕ್ಕಿಗಳನ್ನು ಎಣಿಸಿ ಬೆಲೆ ಹೇಳುವುದಿಲ್ಲ. ಒಳ್ಳೆಯ ಕೆಲಸಕ್ಕೆ ಕೈಜೋಡಿಸಿದ ಸಮಾಧಾನಕ್ಕೆ ತನಗೆ ತಕ್ಕುದೆನಿಸಿದ ಒಂದು ಮೊತ್ತವನ್ನು ಹೇಳುತ್ತಾನೆ. ಎಣ್ಣೆಯಲ್ಲಿ ತೊಯ್ದು ರೆಕ್ಕೆ ಎತ್ತಲಾರದ ಒಂದು ಹಕ್ಕಿಯ ಚಿತ್ರ ಮನಸ್ಸಿಗೆ ಬಂದರೆ ಸಾಕು, ಅದರ ಹಿಂದೆ ಎಷ್ಟು ಸೊನ್ನೆಗಳಿವೆ ಎಂಬುದು ಅವನಿಗೆ ಕಾಣುವುದಿಲ್ಲ.

ಒರೆಗಲ್ಲು:
ಈ ಅಧ್ಯಯನವನ್ನು ಉಲ್ಲೇಖಿಸುವವರು ಎರಡು ಸಂಗತಿಗಳನ್ನು ಸದಾ ಬಿಟ್ಟುಬಿಡುತ್ತಾರೆ, ಆದ್ದರಿಂದ ಅವನ್ನು ಇಲ್ಲಿ ದಾಖಲಿಸುತ್ತೇನೆ. ಮೊದಲನೆಯದಾಗಿ, ಉತ್ತರಿಸಿದವರಿಗೆ ಹಕ್ಕಿಗಳ ಸಂಖ್ಯೆಯ ಜೊತೆಗೆ ಅದು ಒಟ್ಟು ಸಂತತಿಯ ಶೇಕಡಾ ಎಷ್ಟು ಎಂಬುದನ್ನೂ ತಿಳಿಸಲಾಗಿತ್ತು: ಶೇ. 1ಕ್ಕಿಂತ ಬಹಳ ಕಡಿಮೆ, ಶೇ. 1ಕ್ಕಿಂತ ಕಡಿಮೆ, ಸುಮಾರು ಶೇ. 2. ಹಾಗೆ ನೋಡಿದಾಗ ಮೂರೂ ಸಣ್ಣ ನಷ್ಟಗಳೇ, ಮೂರಕ್ಕೂ ಹತ್ತಿರದ ಬೆಲೆ ಹೇಳಿದವರನ್ನು ಅವಿವೇಕಿಗಳೆಂದು ಕರೆಯುವುದು ಕಷ್ಟ.

ಎರಡನೆಯದಾಗಿ, ಈ ಸಂಶೋಧನೆಗೆ ಹಣ ಒದಗಿಸಿದ್ದು ಎಕ್ಸಾನ್ ಕಂಪನಿ. 1989ರ ಮಾರ್ಚ್ 24ರಂದು ಅದರ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ತಗುಲಿ ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ತೈಲ ಸಮುದ್ರದ ಪಾಲಾಗಿತ್ತು. ಆ ಕಡಲತೀರವನ್ನು ಎಂದೂ ನೋಡದ ಅಮೆರಿಕನ್ನರಿಗೂ ಅದರಿಂದ ನಷ್ಟವಾಗಿದೆಯೇ ಎಂಬ ಪ್ರಶ್ನೆ ಎದ್ದಾಗ, ಅಲಾಸ್ಕಾ ರಾಜ್ಯಕ್ಕಾಗಿ ರಿಚರ್ಡ್ ಕಾರ್ಸನ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಲ್ಲಿ ಕುಟುಂಬವೊಂದಕ್ಕೆ ಸುಮಾರು 31 ಡಾಲರ್‌ನಂತೆ ಒಟ್ಟು 280 ಕೋಟಿ ಡಾಲರ್ ನಷ್ಟದ ಅಂದಾಜು ಸಿಕ್ಕಿತು. ಆ ವಿಧಾನವೇ ಪೊಳ್ಳು ಎಂದು ತೋರಿಸುವುದರಲ್ಲಿ ಕಂಪನಿಗೆ ದೊಡ್ಡ ಲಾಭವಿತ್ತು. ಹಣ ಕೊಟ್ಟವರು ಯಾರು ಎಂಬ ಕಾರಣಕ್ಕೇ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ ಯಾವ ಪ್ರಶ್ನೆಯನ್ನು ಯಾರು ಕೇಳಿಸಿದರು ಎಂಬುದನ್ನು ಓದುಗರು ತಿಳಿದಿರಬೇಕು.

ಕುತೂಹಲಿ:
ಶೇಕಡಾವಾರು ವಿಷಯ ನನ್ನ ಪಠ್ಯದಲ್ಲಿ ಇರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದಗಳು. ಆದರೂ ಒಂದು ಮಾತು. ಶೇ. 2 ಎಂಬುದು ಸಣ್ಣದಾಗಿ ಕೇಳಿಸುವುದು, 2,00,000 ಎಂಬುದು ದೊಡ್ಡದಾಗಿ ಕೇಳಿಸುವುದು, ಎರಡೂ ಒಂದೇ ನಷ್ಟದ ಎರಡು ವಿವರಣೆಗಳು. ವಿವರಿಸಿದ ರೀತಿಗೆ ತಕ್ಕಂತೆ ಬೆಲೆ ಬದಲಾಗುವುದಾದರೆ ನನ್ನ ಆಕ್ಷೇಪಣೆ ಇನ್ನಷ್ಟು ಬಲವಾಯಿತಲ್ಲವೇ?

ಸಮೀಕ್ಷಕಿ:
ಇಂಥ ಪ್ರಶ್ನಾವಳಿಗಳನ್ನು ಹಿಡಿದು ಮನೆಮನೆಗೆ ಹೋಗಿ ಕೇಳಿದ ಅನುಭವ ನನಗಿದೆ, ಹಾಗಾಗಿ ಅಂಕಿಯಾಗಿ ಅಚ್ಚಾಗುವ ಮೊದಲು ಆ ಉತ್ತರ ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ. ‘ಈ ಜೌಗು ಪ್ರದೇಶವನ್ನು ಉಳಿಸಲು ನಿಮ್ಮ ಕುಟುಂಬ ವರ್ಷಕ್ಕೆ ಗರಿಷ್ಠ ಎಷ್ಟು ಕೊಡಬಲ್ಲುದು’ ಎಂದು ಓದಿ ಮುಗಿಸಿದ ಕೂಡಲೇ ಎದುರಿಗಿದ್ದವರು ಮೊದಲು ಹಾಳೆಯನ್ನು ನೋಡುವುದಿಲ್ಲ, ನನ್ನ ಮುಖವನ್ನು ನೋಡುತ್ತಾರೆ. ಆಮೇಲೆ ‘ಬೇರೆಯವರು ಎಷ್ಟು ಹೇಳಿದರು’ ಎಂದು ಕೇಳುತ್ತಾರೆ. ಅದನ್ನು ಹೇಳುವಂತಿಲ್ಲ ಎಂದಾಗ ಒಂದು ದುಂಡು ಮೊತ್ತವನ್ನು ಹೇಳಿ, ಹೇಳುವಾಗಲೇ ದನಿಯನ್ನು ಪ್ರಶ್ನೆಯಂತೆ ಏರಿಸುತ್ತಾರೆ, ಸಾಕೇ ಎಂದು ನನ್ನನ್ನೇ ಕೇಳಿದ ಹಾಗೆ. ಸೊನ್ನೆ ಎಂದವರಲ್ಲಿ ಎರಡು ಬಗೆಯವರಿದ್ದರು. ಕೆಲವರಿಗೆ ನಿಜಕ್ಕೂ ಆಸಕ್ತಿ ಇರಲಿಲ್ಲ. ಇನ್ನು ಕೆಲವರು ‘ಹಾಳು ಮಾಡಿದವರು ಕೊಡಲಿ, ನಾನೇಕೆ ಕೊಡಬೇಕು’ ಎಂದು ಸಿಟ್ಟಿನಿಂದ ಸೊನ್ನೆ ಬರೆಸಿದರು. ಇಬ್ಬರ ಸೊನ್ನೆಯನ್ನೂ ಒಂದೇ ಎಂದು ಕೂಡಿಸಿದರೆ ಸಂಶೋಧನೆ ದಾರಿ ತಪ್ಪುತ್ತದೆ, ಆದ್ದರಿಂದ ಕಾರಣ ಕೇಳುವ ಮರುಪ್ರಶ್ನೆ ಇಲ್ಲದ ಸಮೀಕ್ಷೆಯನ್ನು ನಾನು ನಂಬುವುದಿಲ್ಲ.

ಇಂಥ ಸಮೀಕ್ಷೆಗಳನ್ನು ನಂಬಬಹುದೇ ಎಂದು ಪರಿಶೀಲಿಸಲು ಅಮೆರಿಕ ಸರ್ಕಾರ ನೇಮಿಸಿದ, ಅರ್ಥಶಾಸ್ತ್ರಜ್ಞರಾದ ಕೆನ್ನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ಅಧ್ಯಕ್ಷತೆಯ ತಜ್ಞರ ಸಮಿತಿ 1993ರಲ್ಲಿ ಕೊಟ್ಟ ವರದಿ ಈ ತೊಂದರೆಗಳನ್ನು ಗಂಭೀರವಾಗಿ ತೆಗೆದುಕೊಂಡಿತು. ಯಾವ ಮೊತ್ತವನ್ನೂ ಮುಂದಿಡದೆ ಎಷ್ಟು ಕೊಡುತ್ತೀರಿ ಎಂದು ಕೇಳಬೇಡಿ. ಇಷ್ಟು ತೆರಿಗೆ ಬೀಳುವ ಈ ಯೋಜನೆಗೆ ಮತ ಹಾಕುತ್ತೀರಾ ಇಲ್ಲವಾ ಎಂದು ಕೇಳಿ. ಮುಖಾಮುಖಿ ಸಂದರ್ಶನ ಮಾಡಿ. ಕುಟುಂಬಕ್ಕೆ ಬೇರೆ ಖರ್ಚುಗಳಿವೆ, ಉಳಿಸಬೇಕಾದ ಬೇರೆ ತಾಣಗಳಿವೆ ಎಂಬುದನ್ನು ನೆನಪಿಸಿ. ನಷ್ಟ ದೊಡ್ಡದಾದಾಗ ಮೊತ್ತವೂ ಏರುತ್ತದೆಯೇ ಎಂದು ಪರೀಕ್ಷಿಸಿ ಎಂದು ಅದು ಸಲಹೆ ಮಾಡಿತು. ಮತದ ರೂಪದಲ್ಲಿ ಕೇಳಿದಾಗ ಜನ ನನ್ನ ಮುಖ ನೋಡುವುದು ಕಡಿಮೆಯಾಗುತ್ತದೆ ಎಂಬುದನ್ನು ನಾನೇ ಕಂಡಿದ್ದೇನೆ.

ಹಸಿರೆಲೆ:
ಕೇಳುವ ವಿಧಾನವನ್ನು ಎಷ್ಟು ತಿದ್ದಿದರೂ ಮೂಲದ ದೋಷ ಹೋಗುವುದಿಲ್ಲ. ನದಿ, ಕಾಡು, ಹಕ್ಕಿಗಳನ್ನು ಕುಟುಂಬದ ಜೇಬಿನ ಅಳತೆಗೆ ಇಳಿಸುವುದೇ ತಪ್ಪು. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ನಿಸರ್ಗ ಸೇವೆಗಳ (ನೀರಿನ ಶುದ್ಧಿ, ಪರಾಗಸ್ಪರ್ಶದಂಥವು) ಬೆಲೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು. ಅವರ ಪ್ರಕಾರವೇ ಆಗ ಜಗತ್ತಿನ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್. ಇಲ್ಲದೆ ಬದುಕೇ ಸಾಧ್ಯವಿಲ್ಲದ ಒಂದು ವಸ್ತುವಿನ ಬೆಲೆಯನ್ನು ಹೀಗೆ ಹೇಳುವುದರಿಂದ ಯಾರಿಗೆ ಏನು ತಿಳಿಯಿತು?

ಲೆಕ್ಕಿಗ:
ಆ ಲೆಕ್ಕವನ್ನು ಅರ್ಥಶಾಸ್ತ್ರಜ್ಞರೇ ಕಟುವಾಗಿ ಟೀಕಿಸಿದ್ದಾರೆ. ಅನಂತವನ್ನು ಬಹಳ ಕಡಿಮೆಯಾಗಿ ಅಂದಾಜು ಮಾಡಿದಂತಾಯಿತು ಎಂಬರ್ಥದ ಮೈಕೆಲ್ ಟೋಮನ್ ಅವರ ಮಾತು ಪ್ರಸಿದ್ಧವಾಗಿದೆ. ಅರ್ಥಶಾಸ್ತ್ರದ ವಿಧಾನಗಳು ಅಂಚಿನಲ್ಲಿ ಕೆಲಸ ಮಾಡುತ್ತವೆ: ಈ ಜೌಗಿನ ಇನ್ನೊಂದು ಹೆಕ್ಟೇರ್ ಹೋದರೆ ಎಷ್ಟು ನಷ್ಟ ಎಂದು ಕೇಳಬಹುದು, ಭೂಮಿಯೇ ಹೋದರೆ ಎಷ್ಟು ಎಂದು ಕೇಳಲಾಗದು. ಈ ಒಂದು ಲೆಕ್ಕವನ್ನು ಹಿಡಿದು ಇಡೀ ಶಾಸ್ತ್ರವನ್ನು ತಳ್ಳಿಹಾಕಬೇಡಿ.

ನ್ಯಾಯಪಕ್ಷ:
ಹಸಿರೆಲೆಯವರೇ, ನಿಮ್ಮ ಭಾವನೆಯನ್ನು ಗೌರವಿಸುತ್ತೇನೆ, ಆದರೆ ಅದರ ಪರಿಣಾಮವನ್ನು ಒಮ್ಮೆ ಯೋಚಿಸಿ. ಕಡತದಲ್ಲಿ ಒಂದು ಕಡೆ ಯೋಜನೆಯ ಲಾಭದ ಅಂಕಿ ಇರುತ್ತದೆ, ಇನ್ನೊಂದು ಕಡೆ ‘ಬೆಲೆ ಕಟ್ಟಲಾಗದು’ ಎಂಬ ಮಾತು ಇರುತ್ತದೆ. ಕೂಡುವಾಗ ಆ ಮಾತು ಸೊನ್ನೆಯಾಗುತ್ತದೆ. 1967ರಲ್ಲಿ ಜಾನ್ ಕ್ರುಟಿಲ್ಲಾ, ತಾವೆಂದೂ ನೋಡದ ಕಾಡು ಇದೆ ಎಂಬ ಅರಿವಿಗೂ ಜನ ಬೆಲೆ ಕೊಡುತ್ತಾರೆ ಎಂದು ವಾದಿಸದೆ ಹೋಗಿದ್ದರೆ, ಅಲಾಸ್ಕಾದ ಮೊಕದ್ದಮೆಯಲ್ಲಿ ಮೀನುಗಾರರ ಮತ್ತು ಪ್ರವಾಸಿಗರ ನಷ್ಟ ಬಿಟ್ಟು ಬೇರೇನೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಹಸಿರೆಲೆ:
ಹಾಗಾದರೆ ಕೊಡಲು ಎಷ್ಟು ಸಿದ್ಧ ಎಂದೇ ಏಕೆ ಕೇಳುತ್ತೀರಿ? ಕಳೆದುಕೊಳ್ಳಲು ಎಷ್ಟು ಕೇಳುತ್ತೀರಿ ಎಂದು ಕೇಳಿ ನೋಡಿ.

ಲೆಕ್ಕಿಗ:
ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯಂತ ಮುಖ್ಯವಾದ ಪ್ರಶ್ನೆ ಇದು. 1990ರಲ್ಲಿ ಕಾನೆಮನ್, ನೆಚ್ ಮತ್ತು ರಿಚರ್ಡ್ ಥೇಲರ್ ಸಾಮಾನ್ಯ ಕಾಫಿ ಮಗ್ಗುಗಳನ್ನು ಬಳಸಿ ಪ್ರಯೋಗ ಮಾಡಿದಾಗ, ಮಗ್ಗು ಕೈಗೆ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಳ್ಳಲು ಹೇಳಿದ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ಪರಿಸರದ ವಿಷಯದಲ್ಲಿ ಅಂತರ ಇನ್ನೂ ಹೆಚ್ಚು. ಇದಕ್ಕೆ ಮನಸ್ಸಿನ ಪಕ್ಷಪಾತವೊಂದೇ ಕಾರಣವಲ್ಲ. ಬದಲಿ ಇಲ್ಲದ ವಸ್ತುವಿಗೆ ಈ ಅಂತರ ದೊಡ್ಡದಾಗಿಯೇ ಇರಬೇಕು ಎಂದು ಮೈಕೆಲ್ ಹ್ಯಾನೆಮನ್ 1991ರಲ್ಲಿ ಸಿದ್ಧಾಂತದಿಂದಲೇ ತೋರಿಸಿದ್ದಾರೆ. ಪಕ್ಕದಲ್ಲೇ ಬೇರೆ ಮಗ್ಗು ಸಿಗುತ್ತದೆ, ಅಳಿದ ಜೀವಸಂಕುಲ ಮತ್ತೆಲ್ಲೂ ಸಿಗುವುದಿಲ್ಲ.

ಆ್ಯರೋ–ಸೋಲೋ ಸಮಿತಿ ಎಚ್ಚರಿಕೆಯ ದಾರಿಯೆಂದು ‘ಕೊಡಲು ಸಿದ್ಧ’ ಎಂಬ ಪ್ರಶ್ನೆಯನ್ನೇ ಆಯ್ದುಕೊಂಡಿತು, ಏಕೆಂದರೆ ಅದರಲ್ಲಿ ಉತ್ತರಕ್ಕೆ ಆದಾಯದ ಮಿತಿ ಇರುತ್ತದೆ. ಆದರೆ ಆ ಆಯ್ಕೆಯೊಳಗೆ ಒಂದು ತೀರ್ಪು ಅಡಗಿದೆ. ಕಡಲತೀರ ಮೊದಲೇ ಜನರದ್ದಾಗಿದ್ದರೆ, ಅದನ್ನು ಉಳಿಸಿಕೊಳ್ಳಲು ಜನರೇ ಹಣ ಕೊಡುವ ಪ್ರಶ್ನೆ ಏಕೆ ಬರಬೇಕು? ಹಕ್ಕು ಯಾರದ್ದು ಎಂಬುದನ್ನು ತೀರ್ಮಾನಿಸದೆ ಬೆಲೆ ಎಷ್ಟು ಎಂದು ಕೇಳಲು ಬರುವುದಿಲ್ಲ. ಸಮೀಕ್ಷಕಿಯವರ ಎದುರು ಸಿಟ್ಟಿನಿಂದ ಸೊನ್ನೆ ಬರೆಸಿದವರು ಹೇಳಿದ್ದೂ ಇದನ್ನೇ.

ಮೌನಿ:
ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ ಎಂದು 1968ರಲ್ಲೇ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಹೇಳಿ ಮುಗಿಸಿದ್ದಾರೆ, ಹಾಗಾಗಿ ಜನರದ್ದು ಎಂಬ ಮಾತಿನಿಂದ ಏನೂ ಉಳಿಯುವುದಿಲ್ಲ.

ಪಾಠದವರು:
ಅಲ್ಲಿಗೇ ಮುಗಿಯಲಿಲ್ಲ. ಹಾರ್ಡಿನ್ ವಿವರಿಸಿದ್ದು ನಿಯಮವೇ ಇಲ್ಲದ ಹುಲ್ಲುಗಾವಲನ್ನು, ಮತ್ತು ನಿರ್ವಹಣೆ ಇಲ್ಲದ ಸಾಮೂಹಿಕ ಆಸ್ತಿ ಎಂದೇ ಹೇಳಬೇಕಿತ್ತು ಎಂಬುದನ್ನು ಅವರೂ ಮುಂದೆ ಒಪ್ಪಿಕೊಂಡರು. ಎಲಿನಾರ್ ಓಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು, ಜನ ತಾವೇ ನಿಯಮ ಕಟ್ಟಿಕೊಂಡು ಕಾಡು, ನೀರು, ಹುಲ್ಲುಗಾವಲುಗಳನ್ನು ಶತಮಾನಗಳ ಕಾಲ ಉಳಿಸಿಕೊಂಡ ಬಗೆಯನ್ನು ತೋರಿಸಿದ್ದಕ್ಕೆ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಿಂದ ಒಂದು ಕಟ್ಟಳೆ ಇದೆ: ಚಳಿಗಾಲದಲ್ಲಿ ಸ್ವಂತ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲರೋ ಅಷ್ಟನ್ನೇ ಬೇಸಿಗೆಯಲ್ಲಿ ಸಾಮೂಹಿಕ ಬೆಟ್ಟಕ್ಕೆ ಬಿಡಬೇಕು. ಎಣಿಸಲು ಸುಲಭ, ವಂಚಿಸಲು ಕಷ್ಟ.

ತರಗತಿಯಲ್ಲಿ ನಾನು ಆಡಿಸುವ ಒಂದು ಆಟವನ್ನು ಇಲ್ಲಿ ಹೇಳಬೇಕು. ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರಿಗೂ 20 ಟೋಕನ್ ಕೊಡುತ್ತೇನೆ. ಎಷ್ಟನ್ನು ಸಾಮೂಹಿಕ ನಿಧಿಗೆ ಹಾಕುತ್ತೇವೆ ಎಂದು ಪ್ರತಿಯೊಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬರೆಯುತ್ತಾರೆ. ನಿಧಿಗೆ ಬಂದ ಪ್ರತಿ ಟೋಕನ್‌ನಿಂದ ನಾಲ್ವರಿಗೂ ತಲಾ 0.4 ಸಿಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ಎಲ್ಲರಿಗೂ 32. ತಾನೊಬ್ಬ ಹಾಕದೆ ಉಳಿದವರು ಹಾಕಿದರೆ ಅವನಿಗೆ 44. ಮೊದಲ ಸುತ್ತಿನಲ್ಲಿ ಅರ್ಧದ ಆಸುಪಾಸು ಹಾಕುತ್ತಾರೆ. ಒಟ್ಟು ಮೊತ್ತವನ್ನು ಕಪ್ಪುಹಲಗೆಯ ಮೇಲೆ ಬರೆದ ಮೇಲೆ ಗುಂಪಿನವರು ತಲೆಯೆತ್ತಿ ಪರಸ್ಪರ ನೋಡಿಕೊಳ್ಳುತ್ತಾರೆ, ಸುತ್ತು ಕಳೆದಂತೆ ಚೀಟಿಗಳಲ್ಲಿನ ಅಂಕಿ ಇಳಿಯುತ್ತದೆ. ಕಡಿಮೆ ಹಾಕಿದ್ದೇಕೆ ಎಂದರೆ ‘ಬೇರೆಯವರು ಹಾಕಲಿಲ್ಲ’ ಎಂಬುದೇ ಬಹುಪಾಲು ಉತ್ತರ. 2001ರಲ್ಲಿ ಫಿಶ್‌ಬಾಕರ್, ಗೆಕ್ಟರ್ ಮತ್ತು ಫೆಹ್ರ್ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಜನ ಇತರರು ಹಾಕಿದರೆ ತಾವೂ ಹಾಕುವವರು. ಏನೇ ಆದರೂ ಹಾಕದವರು ಶೇ. 30ರ ಆಸುಪಾಸು. ಮಾತನಾಡಲು ಅವಕಾಶ ಕೊಟ್ಟರೆ ಚಿತ್ರವೇ ಬದಲಾಗುತ್ತದೆ. ಓಸ್ಟ್ರಮ್, ವಾಕರ್ ಮತ್ತು ಗಾರ್ಡ್ನರ್ 1992ರಲ್ಲಿ ತೋರಿಸಿದಂತೆ, ಒಪ್ಪಂದವನ್ನು ಜಾರಿಗೊಳಿಸುವ ಹೊರಗಿನ ಬಲ ಇಲ್ಲದಿದ್ದರೂ ಬರಿಯ ಮುಖಾಮುಖಿ ಮಾತಿನಿಂದ ಸಹಕಾರ ಗಣನೀಯವಾಗಿ ಏರುತ್ತದೆ.

ಕುತೂಹಲಿ:
ಹಾಗಿದ್ದರೆ ಸಮೀಕ್ಷೆಯಲ್ಲಿ ‘ಬೇರೆಯವರು ಎಷ್ಟು ಹೇಳಿದರು’ ಎಂದು ಕೇಳುವವರು ಹಾದಿ ತಪ್ಪಿಲ್ಲ ಎಂದಾಯಿತು. ಅವರಿಗೆ ಬೇಕಾದದ್ದು ತಮ್ಮ ಕೊಡುಗೆ ವ್ಯರ್ಥವಾಗದು ಎಂಬ ಭರವಸೆ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಬೆಲೆ ಕೇಳುವ ವಿಧಾನ ಆ ಭರವಸೆಯನ್ನೇ ಕಿತ್ತುಕೊಳ್ಳುತ್ತದೆ.

ಸಮೀಕ್ಷಕಿ:
ಹೌದು, ಇದನ್ನು ಯಾರಾದರೂ ಹೇಳಲಿ ಎಂದು ಬಹಳ ಕಾಲದಿಂದ ಕಾಯುತ್ತಿದ್ದೆ. ಮತದ ರೂಪದ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುವುದೂ ಇದೇ ಕಾರಣಕ್ಕೆ: ಬಹುಮತ ಬಂದರೆ ಎಲ್ಲರೂ ತೆರಿಗೆ ಕಟ್ಟುತ್ತಾರೆ, ಬಾರದಿದ್ದರೆ ಯಾರೂ ಕಟ್ಟುವುದಿಲ್ಲ ಎಂಬುದು ಅದರಲ್ಲೇ ಇದೆ.

ಒರೆಗಲ್ಲು:
ಪಾಠದವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ತಪ್ಪಿದವರನ್ನು ಸ್ವಂತ ಖರ್ಚಿನಲ್ಲಿ ದಂಡಿಸಲು ಬಿಟ್ಟರೆ ಸಹಕಾರ ಏರುತ್ತದೆ ಎಂದು ಫೆಹ್ರ್ ಮತ್ತು ಗೆಕ್ಟರ್ 2000ದಲ್ಲಿ ತೋರಿಸಿದರು. ಆದರೆ 2008ರಲ್ಲಿ ಬೆನೆಡಿಕ್ಟ್ ಹೆರ್ಮನ್ ಮತ್ತು ಸಂಗಡಿಗರು 16 ನಗರಗಳಲ್ಲಿ ಅದೇ ಆಟ ಆಡಿಸಿದಾಗ, ಕೆಲವು ಕಡೆ ಹೆಚ್ಚು ಹಾಕಿದ ಉದಾರಿಗಳನ್ನೇ ಜನ ದಂಡಿಸಿದರು, ಅಲ್ಲಿ ಸಹಕಾರ ಮೇಲೇಳಲಿಲ್ಲ.

ಹಸಿರೆಲೆ:
ದಂಡ, ಹಣ ಎರಡೂ ಮನಸ್ಸನ್ನು ಕೆಡಿಸುತ್ತವೆ ಎಂಬುದಕ್ಕೆ ಬೇರೆ ಪುರಾವೆಗಳೂ ಇವೆ. ಇಸ್ರೇಲಿನ ಹೈಫಾದ ಶಿಶುಪಾಲನಾ ಕೇಂದ್ರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿದಾಗ ತಡಮಾಡುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. 2000ದಲ್ಲಿ ಗ್ನೀಜಿ ಮತ್ತು ರುಸ್ಟಿಚೀನಿ ಪ್ರಕಟಿಸಿದ ಫಲಿತಾಂಶವಿದು. ಇನ್ನೂ ಸ್ಪಷ್ಟವಾದದ್ದು ಸ್ವಿಟ್ಜರ್ಲೆಂಡಿನ ವೋಲ್ಫೆನ್‌ಶೀಸೆನ್‌ನಲ್ಲಿ 1993ರಲ್ಲಿ ನಡೆದ ಸಮೀಕ್ಷೆ. ಅಣುತ್ಯಾಜ್ಯದ ಸಂಗ್ರಹಾಗಾರವನ್ನು ತಮ್ಮಲ್ಲಿ ಕಟ್ಟಲು ಶೇ. 50.8 ಜನ ಒಪ್ಪಿದರು. ಪರಿಹಾರ ಹಣ ಕೊಡುತ್ತೇವೆ ಎಂದ ಮೇಲೆ ಒಪ್ಪಿದವರು ಶೇ. 24.6 ಮಾತ್ರ. ನಾಗರಿಕನಾಗಿ ಹೊರಲು ಸಿದ್ಧನಿದ್ದ ಹೊರೆಯನ್ನು ಮಾರಾಟಕ್ಕಿಟ್ಟಾಗ ಅವನು ಕೈ ಹಿಂತೆಗೆದ.

ಒರೆಗಲ್ಲು:
ಅದನ್ನು ಎಲ್ಲ ಕಡೆಗೂ ಹಿಗ್ಗಿಸಬೇಡಿ. ಉಗಾಂಡಾದಲ್ಲಿ ಸೀಮಾ ಜಯಚಂದ್ರನ್ ಮತ್ತು ಸಂಗಡಿಗರು 121 ಹಳ್ಳಿಗಳಲ್ಲಿ ಯಾದೃಚ್ಛಿಕ ಪ್ರಯೋಗ ನಡೆಸಿದರು. ಅರ್ಧದಷ್ಟು ಹಳ್ಳಿಗಳಲ್ಲಿ, ಮರ ಕಡಿಯದೆ ಉಳಿಸಿದ ಕಾಡಿನ ಒಡೆಯರಿಗೆ ಎರಡು ವರ್ಷ ಹಣ ಕೊಟ್ಟರು. ಹಣ ಸಿಗದ ಹಳ್ಳಿಗಳಲ್ಲಿ ಮರಗಳ ಹೊದಿಕೆ ಶೇ. 9.1ರಷ್ಟು ಕುಗ್ಗಿತು, ಸಿಕ್ಕ ಹಳ್ಳಿಗಳಲ್ಲಿ ಶೇ. 4.2ರಷ್ಟು. ಅದು ಬಡವರ ಖಾಸಗಿ ಕಾಡು. ಕಡಿಯದಿದ್ದರೆ ನಷ್ಟ ಅವರದ್ದೇ. ಅಂಥವರಿಗೆ ಕರ್ತವ್ಯದ ಪಾಠ ಹೇಳಿ ಬರಿಗೈಯಲ್ಲಿ ಕಳುಹಿಸುವುದು ನ್ಯಾಯವೂ ಅಲ್ಲ, ಫಲವೂ ಕೊಡದು.

ಹಸಿರೆಲೆ:
ಅವರಿಗೆ ಹಣ ಕೊಡುವುದಕ್ಕೆ ನನ್ನ ವಿರೋಧವಿಲ್ಲ. ಅಲ್ಲಿ ಕೊಟ್ಟದ್ದು ಕಾಡಿನ ಬೆಲೆಯಲ್ಲ, ಕಡಿಯದೆ ಉಳಿದವರ ತ್ಯಾಗಕ್ಕೆ ಪರಿಹಾರ. ಇವೆರಡನ್ನು ಬೆರೆಸುವುದನ್ನೇ ನಾನು ಮೊದಲಿನಿಂದ ಆಕ್ಷೇಪಿಸುತ್ತಿದ್ದೇನೆ.

ದೂರನೋಟ:
ಇಷ್ಟು ಹೊತ್ತು ಈಗ ಬದುಕಿರುವವರ ಬೆಲೆಯನ್ನೇ ಚರ್ಚಿಸಿದ್ದೀರಿ. ಇನ್ನೂ ಹುಟ್ಟದವರಿಗೆ ಯಾವ ಸಮೀಕ್ಷಕರೂ ಪ್ರಶ್ನೆ ಕೇಳಲಾರರು, ಅವರ ಪರವಾಗಿ ಡಿಸ್ಕೌಂಟ್ ದರವೇ, ಅಂದರೆ ಮುಂದಿನ ಲಾಭ ನಷ್ಟಗಳನ್ನು ಇಂದಿನ ಬೆಲೆಗೆ ಇಳಿಸಲು ವರ್ಷವರ್ಷವೂ ಕಳೆಯುವ ದರವೇ, ಉತ್ತರಿಸುತ್ತದೆ. 100 ವರ್ಷಗಳ ನಂತರದ 100 ಡಾಲರ್ ನಷ್ಟವನ್ನು ಶೇ. 1.4ರ ದರದಲ್ಲಿ ಇಂದಿಗೆ ಇಳಿಸಿದರೆ ಸುಮಾರು 25 ಡಾಲರ್ ಆಗುತ್ತದೆ, ಶೇ. 5ರ ದರದಲ್ಲಿ 76 ಸೆಂಟ್. ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಅವರ 2006ರ ವರದಿ ಸುಮಾರು ಶೇ. 1.4ನ್ನು ಬಳಸಿ ಹವಾಮಾನ ಬದಲಾವಣೆಯ ವಿರುದ್ಧ ತಕ್ಷಣ ದೊಡ್ಡ ಕ್ರಮ ಬೇಕೆಂದಿತು. ಹೆಚ್ಚಿನ ದರ ಬಳಸಿದ ವಿಲಿಯಂ ನಾರ್ಡ್‌ಹೌಸ್ ನಿಧಾನವಾಗಿ ಏರುವ ಕ್ರಮವನ್ನು ಸೂಚಿಸಿದರು. ಇಬ್ಬರ ನಡುವಿನ ವ್ಯತ್ಯಾಸದ ಬಹುಪಾಲು ಈ ದರದಲ್ಲೇ ಇದೆ, ವಿಜ್ಞಾನದಲ್ಲಿ ಅಲ್ಲ.

ನ್ಯಾಯಪಕ್ಷ:
ಕುತೂಹಲಿಯವರ ಮೊದಲ ಪ್ರಶ್ನೆಗೆ ಕಾನೂನು ಕಂಡುಕೊಂಡ ಉತ್ತರವನ್ನೂ ಹೇಳುತ್ತೇನೆ. ಎಕ್ಸಾನ್ ಮೊಕದ್ದಮೆ 1991ರಲ್ಲಿ 90 ಕೋಟಿ ಡಾಲರ್‌ನ ಸಿವಿಲ್ ಒಪ್ಪಂದದಲ್ಲಿ ಮುಗಿಯಿತು. ಆಮೇಲೆ 1996ರಲ್ಲಿ ಅಮೆರಿಕ ರೂಪಿಸಿದ ನಿಯಮಗಳು ಹಣದ ಮೊತ್ತಕ್ಕಿಂತ ಪುನಃಸ್ಥಾಪನೆಗೆ ಒತ್ತು ಕೊಟ್ಟವು: ಇಷ್ಟು ಜೌಗು ಇಷ್ಟು ವರ್ಷ ಹಾಳಾಗಿತ್ತು, ಅದಕ್ಕೆ ಸಮನಾಗಿ ಎಷ್ಟು ಜೌಗನ್ನು ಹೊಸದಾಗಿ ಬೆಳೆಸಿಕೊಡಬೇಕು ಎಂಬ ಲೆಕ್ಕ. ಜೌಗಿಗೆ ಜೌಗು, ಹಕ್ಕಿಗೆ ಹಕ್ಕಿ. ಹಸಿರೆಲೆಯವರಿಗೂ ಇದು ಒಪ್ಪಿಗೆಯಾಗಬಹುದು.

ದೂರನೋಟ:
ಆ ಲೆಕ್ಕದಲ್ಲೂ ಮುಂದೆ ಬೆಳೆಯುವ ಜೌಗನ್ನು ಇಂದಿಗೆ ಇಳಿಸಲು ಸಾಮಾನ್ಯವಾಗಿ ಶೇ. 3ರ ಡಿಸ್ಕೌಂಟ್ ದರ ಬಳಸುತ್ತಾರೆ. ಡಾಲರ್ ಹೋಯಿತು, ದರ ಉಳಿಯಿತು.

ಒರೆಗಲ್ಲು:
ಸಮೀಕ್ಷೆಗಳೂ ನಿಂತಿಲ್ಲ. 2010ರ ಡೀಪ್‌ವಾಟರ್ ಹೊರೈಜನ್ ತೈಲ ದುರಂತದ ಬಗ್ಗೆ ರಿಚರ್ಡ್ ಬಿಷಪ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಷ್ಟದ ಚಿಕ್ಕ ಪಟ್ಟಿಯನ್ನು ತೋರಿಸಿದವರಲ್ಲಿ ಕುಟುಂಬಕ್ಕೆ 136 ಡಾಲರ್, ದೊಡ್ಡ ಪಟ್ಟಿ ತೋರಿಸಿದವರಲ್ಲಿ 153 ಡಾಲರ್ ಬಂತು. ದೊಡ್ಡ ಪಟ್ಟಿಯ ಲೆಕ್ಕದಲ್ಲಿ ಒಟ್ಟು ನಷ್ಟ ಸುಮಾರು 1,720 ಕೋಟಿ ಡಾಲರ್. ಇಲ್ಲಿ ಮೊತ್ತ ನಷ್ಟದ ಜೊತೆಗೆ ಏರಿದೆ.

ಕುತೂಹಲಿ:
17 ಡಾಲರ್ ಏರಿದೆ, ಸರಿ. ಆದರೆ ದೊಡ್ಡ ಪಟ್ಟಿಯಲ್ಲಿ ಹೆಚ್ಚಾಗಿ ಸೇರಿದ ನಷ್ಟಕ್ಕೆ 17 ಸಾಕೇ? ಏರಿತು ಎಂಬುದು ಒಂದು ಪರೀಕ್ಷೆ, ತಕ್ಕಷ್ಟು ಏರಿತು ಎಂಬುದು ಬೇರೆ ಪರೀಕ್ಷೆ.

ಸಮೀಕ್ಷಕಿ:
ಎರಡನೆಯ ಪರೀಕ್ಷೆಗೆ ಎಲ್ಲರೂ ಒಪ್ಪುವ ಅಳತೆ ಇನ್ನೂ ಇಲ್ಲ, ಏಕೆಂದರೆ ಎಷ್ಟು ಏರಿದರೆ ತಕ್ಕಷ್ಟು ಎಂಬುದನ್ನು ಸಿದ್ಧಾಂತ ಹೇಳುವುದಿಲ್ಲ. ನೀವು ಮುಂದೆ ಸಮೀಕ್ಷೆ ಮಾಡುವುದಾದರೆ ಎರಡು ಗುಂಪುಗಳಿಗೆ ಬಿಡಿಬಿಡಿಯಾಗಿ ಕೇಳುವುದರ ಜೊತೆಗೆ, ಮೂರನೆಯ ಗುಂಪನ್ನು ಒಟ್ಟಿಗೆ ಕೂರಿಸಿ ಚರ್ಚೆಗೆ ಬಿಟ್ಟು ಆಮೇಲೆ ಮತ ಕೇಳಿ. ಚರ್ಚೆಯಲ್ಲಿ ಅವರು ಆಡಿದ ಮಾತುಗಳನ್ನೂ ಬರೆದಿಟ್ಟುಕೊಳ್ಳಿ. ಪ್ರಶ್ನಾವಳಿ ಸಿದ್ಧವಾದಾಗ ಇಲ್ಲಿ ಹಾಕಿದರೆ ಓದಿ ಅಭಿಪ್ರಾಯ ಹೇಳುತ್ತೇನೆ.